ಹಿಂದಿನ ಸೀಟಿನ ಎಡಗಡೆ

“ಟಕ್.”

ಅಯಸ್ಕಾಂತ ಕಾರಿನ ಬಾಗಿಲಿಗೆ ಅಂಟಿಕೊಂಡಿತು. ಗುಂಡಿ ಅದನ್ನು ಕಿತ್ತು ನಾಲ್ಕು ಬೆರಳು ಆಚೆಗೆ ಇಟ್ಟಳು. ಮತ್ತೆ “ಟಕ್.”

ಅಂದರೆ ಇಲ್ಲೂ ಕಬ್ಬಿಣವೇ. ಅವಳಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮೋಸ ಮಾಡುವವನು ಅಷ್ಟು ಸುಲಭವಾಗಿ ಸಿಕ್ಕಿಬೀಳುತ್ತಾನೆಯೇ?

ಅವಳ ಅನುಮಾನವೆಲ್ಲ ತಗಡಣ್ಣನ ಮೇಲೆ. ಅವನು ಶೆಡ್ಡಿನ ಮೂಲೆಯಲ್ಲಿ ಬೆನ್ನು ತಿರುಗಿಸಿಕೊಂಡು ಏನೋ ಬಡಿಯುತ್ತಿದ್ದ. ಹಳೇ ಕಾರುಗಳ ತುಕ್ಕು ತೆಗೆದು ಹೊಸ ತಗಡು ಬೆಸೆಯುವುದು ಅವನ ಕೆಲಸ. ಅದಕ್ಕೇ ಎಲ್ಲರಿಗೂ ಅವನು ತಗಡಣ್ಣ. ಇನ್ನು ಗುಂಡಿಗೆ ಆ ಹೆಸರು ಬಂದದ್ದು, ಎರಡು ವರ್ಷದವಳಿದ್ದಾಗ ಅಜ್ಜನ ಅಂಗಿಯ ಗುಂಡಿ ನುಂಗಿದ್ದರಿಂದ. ರಸ್ತೆಯ ಗುಂಡಿಗೂ ಅವಳಿಗೂ ಏನೂ ಸಂಬಂಧವಿಲ್ಲ. ಕ್ಲಾಸಿನವರಿಗೆ ಇದನ್ನು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಕಾರು ಅಜ್ಜನದು. ಅಮ್ಮನಿಗಿಂತ ಎರಡೇ ವರ್ಷ ಚಿಕ್ಕದು. ಇನ್ನು ಮುಂದೆ ಅದನ್ನು ಅಮ್ಮ ಓಡಿಸುವುದೆಂದು ಮಾತಾಗಿತ್ತು. ಆದರೆ ಅಮ್ಮ ಒಂದು ಕರಾರು ಹಾಕಿದ್ದಳು.

“ಅಪ್ಪಾ, ಬಾಡಿ ಗಟ್ಟಿ ಇದ್ರೆ ಇಟ್ಕೊಳ್ಳೋಣ. ನೆಲ ಗಿಲ ಕೊಳೆತಿದ್ರೆ ಗುಜರಿಗೇ. ಮಗೂನ ಕೂರಿಸ್ಕೊಂಡು ಹೋಗೋ ಗಾಡಿ.”

“ನೆಲದ ಮಾತು ನೀನು ಬಿಡು. ಅದು ಉಕ್ಕು” ಎಂದಿದ್ದ ಅಜ್ಜ.

ಗುಜರಿ ಎಂದ ಕೂಡಲೇ ಗುಂಡಿ ಓಡಿಹೋಗಿ ಕಾರಿನೊಳಗೆ ಕೂತುಬಿಟ್ಟಿದ್ದಳು. ಆ ಕಾರಿನಲ್ಲಿ ಕಿಟಕಿ ಇಳಿಸುವ ಹಿಡಿ ತಿರುಗಿಸುವುದಕ್ಕೇ ಅವಳಿಗೆ ಎಷ್ಟು ಇಷ್ಟ!

ಶೆಡ್ಡಿಗೆ ಬಿಟ್ಟ ಮೇಲೆ ಒಂದೊಂದಾಗಿ ವಿಚಿತ್ರಗಳು ಶುರುವಾದವು. ಬಾಗಿಲಿನ ಕೆಳಗೆ ಕಡಲೆಕಾಳಿನಷ್ಟು ಇದ್ದ ತೂತು ಒಂದು ವಾರದಲ್ಲಿ ಊಟದ ತಟ್ಟೆಯಷ್ಟಾಯಿತು. ಅವಳು ಸ್ಕೂಲ್ ಬಿಟ್ಟು ಬರುವ ಹೊತ್ತಿಗೆ ಶಟರು ಅರ್ಧ ಇಳಿದಿರುತ್ತಿತ್ತು. ಎರಡು ವಾರದಿಂದ ಕೆಲಸ ಒಂದಿಂಚೂ ಮುಂದೆ ಹೋಗಿರಲಿಲ್ಲ. ಅಜ್ಜನೂ ತಗಡಣ್ಣನೂ ಗುಸುಗುಸು ಮಾತಾಡುತ್ತಿದ್ದವರು ಅವಳನ್ನು ಕಂಡ ತಕ್ಷಣ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಪಾಪ ಅಜ್ಜ, ತಗಡಣ್ಣ ಅವನನ್ನು ಏನೋ ಹೇಳಿ ಯಾಮಾರಿಸುತ್ತಿದ್ದಾನೆ ಎಂದುಕೊಂಡಳು ಗುಂಡಿ.

ಪಕ್ಕದ ಬೆಂಚಿನ ಗೆಳತಿ ಅನುಮಾನಕ್ಕೆ ಇನ್ನಷ್ಟು ಗಾಳಿ ಹಾಕಿದ್ದಳು.

“ನಮ್ ಮಾಮನ ಕಾರಿಗೆ ಹಿಂಗೇ ಮಾಡಿದ್ರು ಕಣೇ. ತೂತಿಗೆ ಪುಟ್ಟಿ ಮೆತ್ತಿ ಮೇಲೆ ಪೇಂಟ್ ಹೊಡೆದ್ಬಿಟ್ರು. ನೋಡೋಕೆ ಫುಲ್ ಹೊಸದು. ಮಳೆಗಾಲದಲ್ಲಿ ಪೀಸ್ ಪೀಸಾಗಿ ಬಿತ್ತು.”

“ಪುಟ್ಟಿನಾ?”

“ಗೋಡೆಗೆ ಹಚ್ತಾರಲ್ಲ, ಅಂಥ ಪೇಸ್ಟ್. ಮ್ಯಾಗ್ನೆಟ್ ಇಟ್ಟು ನೋಡು. ಅಂಟ್ಕೊಳ್ಳಲಿಲ್ಲ ಅಂದ್ರೆ ಮೋಸ.”

ಹೀಗೆ ಸೈನ್ಸ್ ಕಿಟ್ಟಿನ ಅಯಸ್ಕಾಂತ ಇವತ್ತು ಶೆಡ್ಡಿಗೆ ಬಂದಿತ್ತು.

ನಾಲ್ಕು ಬಾಗಿಲೂ ಮುಗಿದವು. ಹೊಸದಾಗಿ ಬೆಸೆದ ಜಾಗಗಳೂ ಮುಗಿದವು. ಎಲ್ಲ ಕಡೆಯೂ ಟಕ್, ಟಕ್. ಗುಂಡಿ ಕಾರಿನೊಳಗೆ ತೂರಿಕೊಂಡಳು. ಸೀಟುಗಳನ್ನು ಬಿಚ್ಚಿ ಹೊರಗಿಟ್ಟಿದ್ದರು. ನೆಲದ ಮ್ಯಾಟನ್ನೂ ತೆಗೆದಿದ್ದರು. ಆದರೆ ಹಿಂದಿನ ಸೀಟಿನ ಎಡಗಡೆ, ಕಾಲಿಡುವ ಜಾಗದಲ್ಲಿ ಮಾತ್ರ ಒಂದು ತುಂಡು ಮ್ಯಾಟು ಹಾಗೇ ಇತ್ತು.

ಅದೊಂದನ್ನೇ ಯಾಕೆ ಬಿಟ್ಟಿದ್ದಾರೆ?

ಮ್ಯಾಟು ಎತ್ತಿ ಅಯಸ್ಕಾಂತ ಇಟ್ಟಳು. ಸದ್ದೇ ಬರಲಿಲ್ಲ. ಎತ್ತಿ ಮತ್ತೆ ಇಟ್ಟಳು. ಅದು ಕಲ್ಲಿನ ಮೇಲೆ ಜಾರಿದ ಹಾಗೆ ಪಕ್ಕಕ್ಕೆ ಜಾರಿತು.

“ಅಜ್ಜಾ!”

ಬಾಗಿಲ ಬಳಿ ಸ್ಟೂಲಿನ ಮೇಲೆ ಪೇಪರ್ ಓದುತ್ತಿದ್ದ ಅಜ್ಜ ತಲೆ ಎತ್ತಿದ. ಸುತ್ತಿಗೆಯ ಸದ್ದು ನಿಂತಿತು.

“ಇಲ್ಲಿ ಕಬ್ಬಿಣಾನೇ ಇಲ್ಲ ಅಜ್ಜ. ಬರೀ ಪುಟ್ಟಿ. ಈ ಅಂಕಲ್ ಮೋಸ ಮಾಡಿದಾರೆ.”

ತಗಡಣ್ಣ ಚಿಂದಿ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬಂದ. ಸಿಟ್ಟಾಗಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವಳತ್ತ ನೋಡಲೇ ಇಲ್ಲ, ಅಜ್ಜನನ್ನೇ ನೋಡುತ್ತಿದ್ದ.

“ಯಜಮಾನ್ರೇ, ನೀವೇ ಹೇಳ್ತೀರೋ?”

ಅಜ್ಜ ಪೇಪರನ್ನು ಎರಡು ಮಡಿಕೆ ಮಾಡಿದ. ನಾಲ್ಕು ಮಾಡಿದ. ಎಂಟು ಮಾಡಿದ. ಇನ್ನು ಮಡಚಲು ಆಗಲಿಲ್ಲ.

“ಅದು ನಾನು ಮೆತ್ತಿದ್ದು ಮರಿ.”

ಗುಂಡಿಗೆ ಅರ್ಥವಾಗಲಿಲ್ಲ. “ಯಾವಾಗ? ಈ ಶೆಡ್ಡಲ್ಲೇನಾ?”

“ಮನೇಲೇ. ನೀನು ಒಂದನೇ ಕ್ಲಾಸಲ್ಲಿದ್ದೆ. ಅಂಗೈಯಷ್ಟು ತೂತಾಗಿತ್ತು. ರಟ್ಟು ಇಟ್ಟು, ಮೇಲೆ ಪುಟ್ಟಿ ಮೆತ್ತಿ, ಕಪ್ಪು ಬಣ್ಣ ಹೊಡೆದೆ. ಮುಂದಿನ ತಿಂಗಳು ಸರಿಯಾಗಿ ಮಾಡಿಸೋಣ ಅಂದ್ಕೊಂಡೆ. ಆ ಮುಂದಿನ ತಿಂಗಳು ಬರ್ಲೇ ಇಲ್ಲ.”

ತಗಡಣ್ಣ ಸ್ಕ್ರೂಡ್ರೈವರಿನಿಂದ ಒಮ್ಮೆ ಒತ್ತಿದ. ಬಿಸ್ಕತ್ತಿನಂತೆ ಒಂದು ಚೂರು ಮುರಿದು ಕೆಳಗೆ ಬಿತ್ತು. ಕಾರಿನೊಳಗಿಂದಲೇ ಶೆಡ್ಡಿನ ಸಿಮೆಂಟ್ ನೆಲ ಕಂಡಿತು.

“ಇದನ್ನ ಮುಚ್ಚಿ ಬಣ್ಣ ಹೊಡೆದ್ಬಿಡು ಅಂತಾರೆ. ನನ್ ಕೈಲಿ ಆಗಲ್ಲ ಅಂದೆ” ಎಂದ ತಗಡಣ್ಣ. “ಎರಡು ವಾರದಿಂದ ಇದೇ ಜಗಳ.”

“ಮತ್ತೆ ಬಾಗಿಲಿನ ತೂತು ದೊಡ್ಡದಾಗಿದ್ದು?”

“ತುಕ್ಕು ಹೊರಗೆ ಕಾಣೋದು ಒಂಚೂರು, ಒಳಗೆ ತಿಂದಿರೋದು ಜಾಸ್ತಿ. ಗಟ್ಟಿ ತಗಡು ಸಿಗೋವರೆಗೂ ಕೊಯ್ತಾ ಹೋಗ್ಬೇಕು ಪಾಪು.”

“ಶಟರ್ ಯಾಕೆ ಇಳಿಸ್ತೀರಾ?”

“ವೆಲ್ಡಿಂಗ್ ಬೆಳಕು ನೋಡಿದ್ರೆ ಕಣ್ಣುರಿ ಬರುತ್ತೆ. ರಸ್ತೇಲಿ ಸ್ಕೂಲ್ ಮಕ್ಕಳು ನಿಂತು ನೋಡ್ತಾವೆ.”

ಗುಂಡಿಯ ಹತ್ತಿರ ಬೇರೆ ಪ್ರಶ್ನೆ ಉಳಿಯಲಿಲ್ಲ. ಅಷ್ಟರಲ್ಲಿ ಬೇಡವೆಂದರೂ ಒಂದು ಸಂಗತಿ ನೆನಪಾಯಿತು. ಕಾರು ಹತ್ತಿದಾಗಲೆಲ್ಲ ಅಜ್ಜ, “ಎಡಗಡೆ ಬಿಸಿಲು ಮರಿ, ಈ ಕಡೆ ಕೂತ್ಕೋ” ಎನ್ನುತ್ತಿದ್ದ. ಬೆಳಿಗ್ಗೆಯೂ ಅದೇ ಮಾತು, ಸಂಜೆಯೂ ಅದೇ ಮಾತು. ಮೋಡ ಕವಿದಿದ್ದ ದಿನವೂ ಅದೇ.

ಅವಳು ಅಜ್ಜನ ಕಡೆ ನೋಡಿದಳು. ಅಜ್ಜ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

“ಸಾರಿ ಅಂಕಲ್” ಎಂದಳು, ತಗಡಣ್ಣನಿಗಷ್ಟೇ ಕೇಳುವಂತೆ.

“ಇರ್ಲಿ ಬಿಡು. ಸರಿಯಾಗೇ ಚೆಕ್ ಮಾಡಿದೀಯ.”

ಆಗಲೇ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಆಫೀಸು ಮುಗಿಸಿ ಅಮ್ಮ ಬಂದಿದ್ದಳು. ಹೆಲ್ಮೆಟ್ ತೆಗೆಯುತ್ತಲೇ ಕೇಳಿದಳು, “ಏನಪ್ಪಾ, ಎಲ್ಲಿಗೆ ಬಂತು ಕೆಲಸ? ನೆಲ ನೋಡಿದ್ರಾ?”

ತಗಡಣ್ಣ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಗುಂಡಿಯ ನಾಲಿಗೆ ತುದಿಯಲ್ಲಿ ಎಲ್ಲವೂ ಇತ್ತು. ಒಂದು ವಾಕ್ಯ ಸಾಕಿತ್ತು. ಆದರೆ ಅಜ್ಜ ಪೇಪರಿನ ಗಂಟನ್ನು ಇನ್ನೂ ಮಡಚಲು ನೋಡುತ್ತಿದ್ದ. ಅವಳು ಕಾರಿನಿಂದ ಇಳಿದು ಹೋಗಿ ಅಜ್ಜನಿಗೆ ಒತ್ತಿಕೊಂಡು ನಿಂತಳು.

“ಅಮ್ಮ, ಅಜ್ಜ ಏನೋ ಹೇಳ್ಬೇಕಂತೆ. ಮಧ್ಯದಲ್ಲಿ ಮಾತಾಡ್ಬೇಡ.”

ಅಜ್ಜ ಹೇಳಿದ. ರಟ್ಟು, ಪುಟ್ಟಿ, ಕಪ್ಪು ಬಣ್ಣ, ಯಾವುದನ್ನೂ ಬಿಡಲಿಲ್ಲ. ಅಮ್ಮ ಮಧ್ಯದಲ್ಲಿ ಮಾತಾಡಲಿಲ್ಲ. ಮುಖ ಕೆಂಪಾಗಿತ್ತು. ಬಗ್ಗಿ ಆ ತೂತನ್ನು ನೋಡಿದಳು.

“ಅಪ್ಪಾ, ಮೊದಲೇ ಹೇಳಿದ್ರೆ ನಾನೇನು ತಿಂದ್ಬಿಡ್ತಿದ್ನಾ?”

“ಗುಜರಿ ಅಂದ್ಯಲ್ಲಮ್ಮ.”

ಅಮ್ಮ ತಗಡಣ್ಣನ ಕಡೆ ತಿರುಗಿದಳು. “ಇದು ಸರಿ ಹೋಗುತ್ತಾ? ನಿಜ ಹೇಳಿ.”

“ಎರಡಡಿ ಕೊಯ್ದು ಹೊಸ ತಗಡು ಹಾಕಿದ್ರೆ ಸರಿಯಾಗುತ್ತೆ. ಕೆಳಗಿನ ಚಾಸಿ, ಗಾಡಿ ಹೊರೋ ಚೌಕಟ್ಟು, ಗಟ್ಟಿ ಇದೆ, ನೋಡಿದೀನಿ.”

“ಹಾಗಾದ್ರೆ ಕೊಯ್ಯಿರಿ. ನಾನು ಇಲ್ಲೇ ನಿಂತಿರ್ತೀನಿ.”

ಕಟರು ಕಿರ್ರೆಂದಿತು. ಗುಂಡಿ ಕಿವಿ ಮುಚ್ಚಿಕೊಂಡು ದೂರದಿಂದ ನೋಡಿದಳು. ಕಂದು ತುಕ್ಕಿನ ತುಂಡುಗಳು ಒಂದೊಂದಾಗಿ ಕಳಚಿದವು. ಕೊನೆಗೆ ಸುತ್ತಲೂ ಬೆಳ್ಳಗೆ ಹೊಳೆಯುವ ಅಂಚು ಉಳಿಯಿತು. ಮಧ್ಯದಲ್ಲಿ ಅವಳೇ ತೂರಿ ಆಚೆ ಬರುವಷ್ಟು ಖಾಲಿ ಜಾಗ.

ತಗಡಣ್ಣ ಟಾರ್ಚನ್ನು ಅವಳ ಕೈಗೆ ಕೊಟ್ಟು ಅಳತೆಪಟ್ಟಿ ತರಲು ಹೋದ. ಅಜ್ಜ ನಿಧಾನವಾಗಿ ಬಂದು, ಮಂಡಿ ಹಿಡಿದುಕೊಂಡು ಬಗ್ಗಿದ. ಆ ಖಾಲಿ ಜಾಗವನ್ನೇ ನೋಡುತ್ತ ನಿಂತ.

ಅವನಿಗೆ ಪ್ರತಿ ಸಲ ಕಾರು ಓಡಿಸುವಾಗಲೂ ಭಯ ಆಗುತ್ತಿತ್ತೇ? ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದದ್ದು ತನ್ನನ್ನೋ, ಈ ಜಾಗವನ್ನೋ? ಗುಂಡಿ ಕೇಳಬೇಕೆಂದು ಬಾಯಿ ತೆರೆದಳು.

ಅಜ್ಜ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ.

ಗುಂಡಿ ಅಜ್ಜನಿಗೆ ಚೆನ್ನಾಗಿ ಕಾಣಲೆಂದು ಟಾರ್ಚನ್ನು ಸ್ವಲ್ಪ ಅತ್ತ ಸರಿಸಿ ಹಿಡಿದುಕೊಂಡಳು.