ಬೂದಿಗುಡ್ಡದ ಬಿಳುಪು

"ರೀ ಸಾಹೇಬ್ರೇ, ಆ ನೀರಿಗೆ ಕೈ ಹಾಕಿದ್ರೆ ಚರ್ಮ ಸುಲಿದುಹೋಗುತ್ತೆ!"

ನಾರ್ವಾ ಊರಿನ ಬೂದಿಗುಡ್ಡದ ಮೇಲಿನ ಕೊಳ ಅಂದು ಆಕಾಶಕ್ಕಿಂತ ನೀಲಿಯಾಗಿತ್ತು. ಸುಣ್ಣದ ತಿಳಿಯಂತೆ ಸುಡುವ ನೀರು. ದಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ರೈಮೋ ತಿರುಗಿ ನೋಡಿದ. ಪಂಪ್‌ಹೌಸಿನ ಫಾಯಿನಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಗೊತ್ತು. ನಾನು ಕೆಮಿಸ್ಟ್. ತಾರ್ತು ಯೂನಿವರ್ಸಿಟಿಯಿಂದ ಬಂದಿದೀನಿ."

"ಓಹೋ! ಹಾಗಾದ್ರೆ ಡಿಗ್ರಿ ಸಮೇತ ಸುಲಿಯುತ್ತೆ."

ಅವನು ನಕ್ಕ. ಅವಳು ನಗಲಿಲ್ಲ.

ಅರವತ್ತು ವರ್ಷ ಈ ಊರು ನೆಲ ಬಗೆದು ಎಣ್ಣೆಕಲ್ಲು ಸುಟ್ಟು ವಿದ್ಯುತ್ ಮಾಡಿತು. ಬೆಳಕು ರಾಜಧಾನಿಗೆ ಹೋಯಿತು. ಬೂದಿ ಇಲ್ಲೇ ಉಳಿಯಿತು, ಅವಳಪ್ಪ ಗ್ಲೆಬ್‌ನ ಎದೆಯೊಳಗೂ. ಓದಿದವರು ಬಂದರು, ಅಳೆದರು, ಹೋದರು. ಹೋದವರಲ್ಲಿ ಒಬ್ಬನೂ ಮರಳಲಿಲ್ಲ.

ರೈಮೋ ಮಾತ್ರ ಒಂಬತ್ತು ತಿಂಗಳು ದಿನಾ ಗುಡ್ಡ ಹತ್ತಿದ. ಒಮ್ಮೆ ಒದ್ದೆ ಬೂದಿಯನ್ನು ಬಕೆಟ್ಟಿನಲ್ಲೇ ಬಿಟ್ಟು ರಜೆಗೆ ಹೋದ. ಸೋಮವಾರ ಅದು ಕಲ್ಲಾಗಿತ್ತು.

"ಈ ಬೂದಿ ನೀರು ಕುಡಿದ್ರೆ ಗಟ್ಟಿಯಾಗುತ್ತೆ ಅಂತ ನಮ್ಮೂರ ಮಕ್ಕಳಿಗೂ ಗೊತ್ತು," ಎಂದು ಫಾಯಿನಾ ಸುತ್ತಿಗೆ ಎತ್ತಿಕೊಂಡಳು. ಅವಳ ತುಟಿಯಂಚು ಮೊದಲ ಬಾರಿ ಸಡಿಲಾದದ್ದನ್ನು ಅವನು ಕಂಡ. ಬಕೆಟ್ಟು ಒಡೆದುಹೋದದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ.

ಮಾರ್ಚ್‌ನಲ್ಲಿ, ಬೂದಿಯಿಂದ ಇಳಿಸಿದ ತಿಳಿನೀರಿಗೆ ಇಂಗಾಲದ ಡೈಆಕ್ಸೈಡ್ ಅನಿಲ ಹಾಯಿಸಿದಾಗ ಅದು ಹಾಲಿನಂತೆ ಬೆಳ್ಳಗಾಯಿತು. ಒಣಗಿದ ಪುಡಿಯನ್ನು ರೈಮೋ ಅವಳ ಅಂಗೈಗೆ ಚಿಟಿಕೆಯಷ್ಟು ಹಾಕಿದ. ಕಾಗದಕ್ಕೆ, ಬಣ್ಣಕ್ಕೆ, ಪ್ಲಾಸ್ಟಿಕ್ಕಿಗೆ ಬೇಕಾದ ಸುಣ್ಣದ ಪುಡಿ.

"ಇದು ಬೂದಿಯೊಳಗೇ ಇತ್ತಾ?"

"ಇತ್ತು. ಯಾರೂ ಕೇಳಿರಲಿಲ್ಲ." ಅವನು ಪುಡಿಯನ್ನು ನೋಡುತ್ತಿರಲಿಲ್ಲ.

ಅವಳು ಅಂಗೈ ಮುಚ್ಚಿದಳು. "ಕಾರ್ಖಾನೆ ಎಲ್ಲಿ ಕಟ್ತಾರೆ?"

"ರಾಜಧಾನಿಯ ಬಂದರಿನ ಹತ್ತಿರ ಅಂತಿದಾರೆ ಕಂಪನಿಯವರು. ನಾಡಿದ್ದು ಅಲ್ಲೇ ಮೀಟಿಂಗು. ಇಲ್ಲೇ ಕಟ್ಟಿ, ಇಲ್ಲಾಂದ್ರೆ ನಾನಿಲ್ಲ ಅಂತೀನಿ."

"ಬೆಳಕೂ ಅವರಿಗೆ, ಬಿಳುಪೂ ಅವರಿಗೆ. ಕೆಮ್ಮು ನಮಗೆ. ಹೋಗಿ, ಹೇಳಿ. ಆಮೇಲೆ ನೀವೂ ಅಲ್ಲೇ ಉಳೀರಿ."

ಮರುದಿನ ಮಧ್ಯಾಹ್ನ ಅವನು ಸೂಟ್‌ಕೇಸಿನೊಂದಿಗೆ ಅವಳ ಮನೆಗೆ ವಿದಾಯ ಹೇಳಲು ಬಂದ. ಪ್ರಯಾಣಕ್ಕೆ ಮುಂಚೆ ಎಲ್ಲರೂ ಒಂದು ನಿಮಿಷ ಸುಮ್ಮನೆ ಕೂರುವುದು ಆ ಮನೆಯ ಪದ್ಧತಿ. ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ.

ಮೂವರೂ ಕೂತರು. ನಿಮಿಷ ಕಳೆಯಿತು. ಐದಾಯಿತು. ಗ್ಲೆಬ್ ಕದಲಲಿಲ್ಲ.

"ಅಪ್ಪಾ, ಬಸ್ಸಿಗೆ ಹೊತ್ತಾಯ್ತು."

"ಮಂಡಿ ನೋವಮ್ಮಾ. ಮಾತಾಡೋದು ಬಾಕಿ ಇದ್ರೆ ಮಾತಾಡ್ಕೊಳ್ಳಿ."

ರೈಮೋನ ಕಿವಿ ಕೆಂಪಾಯಿತು. "ಫಾಯಿನಾ, ಕಾರ್ಖಾನೆ ಬರದೇ ಇದ್ರೂ ನಾನು ಬರ್ತೀನಿ. ನಿಮಗೋಸ್ಕರ."

ಅವಳು ಗೂಟದಲ್ಲಿದ್ದ ತನ್ನ ಕೋಟನ್ನು ಕೂತಲ್ಲಿಂದಲೇ ಎಳೆದುಕೊಂಡಳು.

"ಒಬ್ಬನೇ ಹೋಗಬೇಡ. ಬೂದಿ ಉಸಿರಾಡಿದವಳೊಬ್ಬಳು ಆ ಮೇಜಿನ ಮುಂದೆ ನಿಲ್ಲಲಿ. ಗೆದ್ರೂ ಸೋತ್ರೂ ಇಬ್ಬರೂ ವಾಪಸ್ ಬರೋಣ."

ಗ್ಲೆಬ್ ತಟಕ್ಕನೆ ಎದ್ದು ನಿಂತ.

"ಏನು ಕೂತ್ಕೊಂಡಿದೀರಿ? ಓಡಿ!"