ಎಡಗಡೆಯ ಮಡ್ಗಾರ್ಡು

ಬೆಳಿಗ್ಗೆ ಚಹಾದ ಲೋಟ ಹಿಡಿದು ಅಂಗಳದ ಚಪ್ಪರಕ್ಕೆ ಬಂದ ರಾಮನಾಥ ಲಾರಿಯ ಮುಂದೆ ನಿಂತುಬಿಟ್ಟ. ಏನೋ ಕಡಿಮೆಯಾಗಿತ್ತು. ಏನೆಂದು ತಟ್ಟನೆ ಹೊಳೆಯಲಿಲ್ಲ. ಆಮೇಲೆ ಕಂಡಿತು. ಮುಂದಿನ ಎಡಗಡೆಯ ಚಕ್ರ ಬೋಳಾಗಿತ್ತು. ಅದರ ಮೇಲಿನ ಮಡ್ಗಾರ್ಡು ಇರಲಿಲ್ಲ.

"ಚಂಪಾ, ಇಲ್ಲಿ ಬಾ."

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನೋಡಿದಳು.

"ಕದ್ದವನಿಗೆ ತಲೆ ಸಮ ಇಲ್ಲ ಕಾಣ್ತದೆ. ಇಷ್ಟೆಲ್ಲ ಬಿಟ್ಟು ಆ ತುಕ್ಕು ತಗಡು ತಕಂಡು ಹೋಗಿದ್ದಾನಲ್ಲ!"

ರಾಮನಾಥನಿಗೂ ಅದೇ ಸೋಜಿಗ. ಹಲಗೆಯ ಮೇಲೆ ಮುಂಬಯಿಯಿಂದ ತಂದ ಹತ್ಯಾರುಗಳಿದ್ದವು. ಹಿತ್ತಾಳೆಯ ಹಾರ್ನು ಥಳಥಳಿಸುತ್ತಿತ್ತು. ಒಂದನ್ನೂ ಕಳ್ಳ ಮುಟ್ಟಿರಲಿಲ್ಲ.

ಹನ್ನೆರಡು ವರ್ಷ ಮುಂಬಯಿಯ ಮೋಟಾರು ಕಾರ್ಖಾನೆಯಲ್ಲಿ ದುಡಿದು ರಾಮನಾಥ ಅಂಕೋಲೆಗೆ ಮರಳಿದ್ದು ಹಿಂದಿನ ವರ್ಷ, ೧೯೩೫ರಲ್ಲಿ. ಹೊಸ ಲಾರಿ ಕೊಳ್ಳುವುದು ಅವನ ಕೈಗೆಟುಕುವ ಮಾತಲ್ಲ. ಕಾರವಾರದ ಹತ್ತಿರ ಕಡವಾಡದಲ್ಲಿ ಕಟ್ಟಿಗೆ ಕಂತ್ರಾಟದಾರ ದತ್ತೋಬನ ಕೊಟ್ಟಿಗೆಯಲ್ಲಿ ಒಂದು ಸಣ್ಣ ಫೋರ್ಡ್ ಲಾರಿ ಎರಡು ವರ್ಷದಿಂದ ಕೊಳೆಯುತ್ತ ಬಿದ್ದಿತ್ತು. ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತಿತ್ತು. ಅದನ್ನು ಅಗ್ಗಕ್ಕೆ ಕೊಂಡು, ಎರಡು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದ. ದಾರಿಯುದ್ದಕ್ಕೂ ಜನ ನಕ್ಕರು. ಅವನಿಗೆ ಬೇಸರವಾಗಲಿಲ್ಲ. ಒಂದೊಂದೇ ಭಾಗ ಬಿಚ್ಚಿ, ಬಣ್ಣ ಕೆರೆದು, ಹೊಸದು ಬಳಿದು, ಮಳೆಗಾಲದೊಳಗೆ ಕಾರವಾರಕ್ಕೆ ತರಕಾರಿ, ಮೀನು ಸಾಗಿಸಬೇಕೆಂಬುದು ಅವನ ಲೆಕ್ಕಾಚಾರ. ಚಂಪಾ ಆ ಲಾರಿಯನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದಳು.

* * *

ದೂರು ಕೇಳಿ ಠಾಣೆಯ ಫೌಜದಾರ ಶಾಂತಾರಾಮ ಹತ್ತು ಗಂಟೆಗೆ ಬಂದರು. ನಿವೃತ್ತಿಗೆ ಹತ್ತಿರವಾದವರು. ಯಾವುದಕ್ಕೂ ಅವಸರವಿಲ್ಲ. ಹಿಂದೆ ಒಬ್ಬ ಪೊಲೀಸ ಕಮ್ಮಾರ ಹುಲಿಯಾನನ್ನು ಕರೆತಂದಿದ್ದ.

"ಈ ತಗಡು ಬೇಕು ಹೇಳಿ ನೀನು ಕೇಳಿದ್ದೆಯಂತೆ?"

"ಕೇಳಿದ್ದು ಹೌದು ಸಾಹೇಬ್ರೆ. ಕೊಡೂದಿಲ್ಲ ಅಂದ್ರು. ಸುಮ್ನಾದೆ." ಹುಲಿಯಾ ಕೈ ಜೋಡಿಸಿದ.

ರಾಮನಾಥ ಲಾರಿಯ ಅಡಿಗೆ ತೂರಿದ. ಮಡ್ಗಾರ್ಡಿಗೆ ನಾಲ್ಕು ಬೋಲ್ಟು. ಮೂರು ಕಣ್ಣಿಗೆ ಕಾಣುವಂಥವು. ನಾಲ್ಕನೆಯದು ಕಾಲು ಹಲಗೆಯ ಹಿಂದೆ, ಕೈ ಹಾಕಿ ತಡಕಿದರೆ ಮಾತ್ರ ಸಿಗುವಂಥದು. ನಾಲ್ಕೂ ಸರಾಗವಾಗಿ ಬಿಚ್ಚಿಕೊಂಡಿದ್ದವು. ಒಂದು ಗೀರು ಇಲ್ಲ.

"ಹುಲಿಯಾ, ನಿನ್ನ ಹತ್ರ ನಟ್ಟು ಬಿಚ್ಚುವ ಪಾನಾ ಇದೆಯಾ?"

"ಎಂತ ಪಾನಾ? ಉಳಿ, ಸುತ್ತಿಗೆ ಬಿಟ್ರೆ ನಂಗೆ ಬೇರೆ ಗೊತ್ತಿಲ್ಲ."

"ಇವನನ್ನು ಬಿಡಿ ಸಾಹೇಬರೆ," ಎಂದ ರಾಮನಾಥ ಮೈ ಕೊಡವುತ್ತ. "ಉಳಿ ಇಟ್ಟು ಹೊಡೆದಿದ್ದರೆ ಬೋಲ್ಟು ತುಂಡಾಗಬೇಕಿತ್ತು. ಇದು ಸರಿಯಾದ ಪಾನಾ ಇದ್ದವನ ಕೆಲಸ. ಹಿಂದಿನ ಬೋಲ್ಟು ಎಲ್ಲಿದೆ ಹೇಳಿ ಅವನಿಗೆ ಮೊದಲೇ ಗೊತ್ತಿತ್ತು."

"ಅಂಥವರು ಯಾರು?"

"ಲಾರಿಯ ಹಳೆಯ ಡ್ರೈವರ ಸೋಮು. ಮೊನ್ನೆ ಈ ಕಡೆ ಬರುವಾಗ ದತ್ತೋಬರ ಕಡೆಯಿಂದ ಲಾರಿಯ ಕಾಗದ ತಂದು ಕೊಟ್ಟ. ನಾನು ಇದೇ ಮಡ್ಗಾರ್ಡು ಕೆರೆಯುತ್ತಿದ್ದೆ. ಉಳಿದ ಮೂರಕ್ಕೂ ಕಪ್ಪು ಬಣ್ಣ ಒಂದೇ. ಇದೊಂದಕ್ಕೆ ಕಪ್ಪಿನ ಮೇಲೆ ಹಸಿರು. ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಸಮ ಮಾಡಿದ ಗುರುತೂ ಇತ್ತು. ಅವನಿಗೆ ತೋರಿಸಿದೆ. 'ಅದು ಹಲಸಿನ ಮರಕ್ಕೆ ತಾಗಿತ್ತಂತೆ' ಅಂದ."

ಶಾಂತಾರಾಮ ತಲೆಯಾಡಿಸಿದರು. "ಸೋಮುನ ನೋಡ್ವ. ಆದರೆ ಮರಕ್ಕೆ ತಾಗಿದ ತಗಡನ್ನು ಯಾರಾದರೂ ಕದೀತಾರಾ?"



* * *

ಮಧ್ಯಾಹ್ನ ಹಟ್ಟಿಕೇರಿಯ ದೇವಿ ಹರಿವೆ ಸೊಪ್ಪಿನ ಬುಟ್ಟಿ ಹೊತ್ತು ಬಂದಳು. ವಾರಕ್ಕೆರಡು ಸಲ ಬರುವವಳು. ಅವಳ ಗಂಡ ಪುಟ್ಟು ಬೆಳಗಾವಿಯ ಜೈಲಿನಲ್ಲಿದ್ದ. ಅಣ್ಣ ಸುಕ್ರನನ್ನು ಕೊಂದನೆಂದು ಏಳು ವರ್ಷದ ಶಿಕ್ಷೆ. ಊರಿಗೆಲ್ಲ ಗೊತ್ತಿದ್ದ ಕಥೆ. ದೇವಿ ಮಾತ್ರ ಅದನ್ನು ಎಂದೂ ಎತ್ತುತ್ತಿರಲಿಲ್ಲ.

ಅಂದು ಅವಳು ಬುಟ್ಟಿ ಇಳಿಸದೆ ಚಪ್ಪರದ ಮೂಲೆಯನ್ನೇ ನೋಡುತ್ತ ನಿಂತಳು. ಗೋಣಿಯ ಮೇಲೆ ಲಾರಿಯ ಬಲಗಡೆಯ ದೀಪವಿತ್ತು. ಹಿಂದಿನ ದಿನವಷ್ಟೇ ಬೂದಿ ಹಾಕಿ ತಿಕ್ಕಿ ತೊಳೆದದ್ದು. ಬಿಸಿಲಿಗೆ ಗಾಜಿನ ಮೇಲಿನ ಉದ್ದುದ್ದ ಗೆರೆಗಳು ಹೊಳೆಯುತ್ತಿದ್ದವು.

"ಒಡ್ಯಾ, ಅದ್ಯಂತದು?"

"ಲಾರಿ ದೀಪ."

"ಬಾಟ್ಲಿ ಅಲ್ದಾ?"

"ಬಾಟ್ಲಿ ಎಲ್ಲಿಂದ ಬಂತು?"

ದೇವಿ ಬುಟ್ಟಿಯನ್ನು ಅಲ್ಲೇ ಇಟ್ಟು ಕುಸಿದು ಕೂತಳು. ಚಂಪಾ ನೀರು ತಂದುಕೊಟ್ಟಳು. ಒಂದು ಗುಟುಕು ಕುಡಿದು ದೇವಿ ನಿಧಾನವಾಗಿ ಹೇಳಿದಳು.

"ನಮ್ಮ ಭಾವ ಸತ್ತಲ್ಲಿ ಗಾಜಿನ ಚೂರು ಬಿದ್ದಿದ್ವು. ತಲೆಗೂ ಹೊಕ್ಕಿದ್ವು. ಬಾಟ್ಲಿಲಿ ಹೊಡ್ದಾನೆ ಹೇಳಿ ಪಂಚರು ಬರೆದ್ರು. ಹಿಂದಿನ ದಿನ ಗದ್ದೆ ನೀರಿಗೆ ಇಬ್ರೂ ಜಗಳಾಡಿದ್ದು ಸುಳ್ಳಲ್ಲ. ಅದಕ್ಕೆ ಎಲ್ರೂ ನಂಬಿದ್ರು. ನಮ್ಮನೆಯವ ಬಾಟ್ಲಿ ಮುಟ್ಟಿದವನೇ ಅಲ್ಲ ಒಡ್ಯಾ. ಎಂಟು ದಿನ ಬಿಟ್ಟು ನಾ ಅಲ್ಲಿಗೆ ಹೋದೆ. ಇನ್ನೂ ನಾಕು ಚೂರಿದ್ವು. ಯಾರ ಕಾಲಿಗಾದ್ರೂ ಹೊಗ್ತದೆ ಹೇಳಿ ಹೆಕ್ಕಿ ಕಟ್ಟಿಟ್ಟೆ. ಅದ್ರ ಮೇಲೂ ಇಂಥದ್ದೇ ಗೆರೆ."

"ಈಗಲೂ ಇದೆಯಾ?"

"ಇದೆ."

ಸಂಜೆಯೊಳಗೆ ಅವಳು ಹಟ್ಟಿಕೇರಿಗೆ ಹೋಗಿ ಗಂಟು ತಂದಳು. ರಾಮನಾಥ ಒಂದು ಚೂರನ್ನು ದೀಪದ ಗಾಜಿನ ಮೇಲಿಟ್ಟ. ಗೆರೆಗೆ ಗೆರೆ ಕೂತಿತು. ಅದೇ ದಪ್ಪ, ಅದೇ ಬಾಗು. ಆಮೇಲೆ ಎಡಗಡೆಯ ದೀಪದ ಮೇಲಿಟ್ಟ. ಕೂರಲಿಲ್ಲ. ಆ ದೀಪ ಬೇರೆ ಮಾದರಿಯದು. ಆಮೇಲೆ ಯಾವಾಗಲೋ ಹಾಕಿಸಿದ್ದು.

"ಅದು ಯಾವ ದಿನ ದೇವಿ?"

"ಎರಡು ವರ್ಷದ ಹಿಂದೆ, ಹೋಳಿ ಹುಣ್ಣಿಮೆ ಮರುದಿನ. ಬೆಳಕು ಹರಿಯೂ ಹೊತ್ತು. ಭಾವ ಕಂಬಳಿ ಹೊದ್ಕಂಡು ರಸ್ತೆಲಿ ಹೋಗ್ತಿದ್ರು."

* * *

ರಾತ್ರಿಯ ಊಟಕ್ಕೆ ಕೂತಾಗ ರಾಮನಾಥ ಅನ್ನ ಕಲಸಲಿಲ್ಲ.

"ಸುಕ್ರನಿಗೆ ಹಾಯ್ದದ್ದು ಇದೇ ಲಾರಿ. ಫೌಜದಾರರಿಗೆ ಹೇಳಿದರೆ ಜಪ್ತಿಯಾಗ್ತದೆ," ಎಂದ. "ಎಷ್ಟು ತಿಂಗಳೋ, ಎಷ್ಟು ವರ್ಷವೋ. ಈ ಮಳೆಗಾಲ ಹೊರಗೆ ನಿಂತರೆ ಎಂಜಿನ್ನು ಮುಗೀತು."

ಚಂಪಾ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಒಂದು ವಾರದಿಂದ ಅವಳೂ ಮರಳು ಕಾಗದ ಹಿಡಿದು ಬಾಗಿಲು ತಿಕ್ಕಿದ್ದಳು. ಅಂಗೈಯ ಬೊಕ್ಕೆ ಇನ್ನೂ ಒಣಗಿರಲಿಲ್ಲ.

"ದೇವಿ ಮುಂದಿನ ವಾರ ಸೊಪ್ಪು ತರ್ತಾಳಲ್ಲ. ಅವಳ ಮುಖ ನೋಡಿ ನಾನು ಸೊಪ್ಪು ತಕಳ್ಳೂದು ಹೇಗೆ? ಮೊದ್ಲು ಉಂಡ್ಕಳ್ಳಿ. ನಾಳೆ ಬೆಳಿಗ್ಗೆ ಹೋಗಿ ಹೇಳಿ."

* * *

ಮರುದಿನ ರಾಮನಾಥ ಗಾಜಿನ ಚೂರು ತೋರಿಸಿ ಎಲ್ಲ ಹೇಳಿದ ಮೇಲೆ, ಶಾಂತಾರಾಮ ಮತ್ತು ಅವನು ಕಾರವಾರದ ಮೋಟಾರು ಬಸ್ಸಿನಲ್ಲಿ ಹೋಗಿ ಸೋಮುನನ್ನು ಕಂಡರು. ಅವನೀಗ ಬಂದರದಲ್ಲಿ ಬೇರೆಯವರ ಲಾರಿ ಓಡಿಸುತ್ತಿದ್ದ. ಶಾಂತಾರಾಮ ಮಡ್ಗಾರ್ಡು ಕಳುವಾದದ್ದನ್ನು ತಿಳಿಸಿ ನೇರವಾಗಿ ಕೇಳಿದರು.

"ಹಟ್ಟಿಕೇರಿಯಲ್ಲಿ ಮನುಷ್ಯನ ಮೇಲೆ ಲಾರಿ ಹಾಯಿಸಿದ್ದು ನೀನೆಯಾ?"

ಸೋಮು ಬಿಳಿಚಿದ. "ದೇವರಾಣೆ ಇಲ್ಲ! ಮಡ್ಗಾರ್ಡಿನ ವಿಷಯ ದತ್ತೋಬ ಧನಿಗೆ ಹೇಳಿದ್ದು ಹೌದು. ಕದ್ದದ್ದು ನಾನಲ್ಲ."

"ಲಾರಿ ಓಡಿಸುವವ ನೀನೊಬ್ಬನೇ ಅಲ್ಲವಾ?"

ಶಾಂತಾರಾಮರ ಕೈ ಬೇಡಿಯತ್ತ ಹೋಯಿತು. ರಾಮನಾಥ ತಡೆದ.

"ಒಂದು ನಿಮಿಷ ಸಾಹೇಬರೆ. ಸೋಮು, ಮೊನ್ನೆ ನೀನು 'ಹಲಸಿನ ಮರಕ್ಕೆ ತಾಗಿತ್ತಂತೆ' ಅಂದೆ. ಯಾರು ಹೇಳಿದ್ದು?"

"ಧನಿ. ಆ ಹೋಳಿಗೆ ನಾನು ರಜೆ ಹಾಕಿ ನಮ್ಮೂರು ಕಿನ್ನರಕ್ಕೆ ಹೋಗಿದ್ದೆ. ತಂಗಿ ಮದುವೆ ಮಾತು. ಐದು ದಿನ ಬಿಟ್ಟು ಬರೂವಾಗ ಮಡ್ಗಾರ್ಡಿಗೆ ಹಸಿರು ಬಣ್ಣ, ಎಡಗಡೆ ಹೊಸ ದೀಪ. ಇಳಿಜಾರಲ್ಲಿ ತಾನಾಗಿ ಉರುಳಿ ಮರಕ್ಕೆ ತಾಗಿತು ಅಂದ್ರು. ಅದೇ ವಾರ ಲಾರಿ ಕೊಟ್ಟಿಗೆಗೆ ಸೇರ್ತು. ನಂಗೂ ಕೆಲಸ ಹೋಯ್ತು."

"ಪಾನಾ ಪೆಟ್ಟಿಗೆ?"

"ಅವರ ಹತ್ರವೇ ಉಂಟಲ್ಲ!"

ಲಾರಿ ಮಾರುವಾಗ ದತ್ತೋಬ ಆ ಪೆಟ್ಟಿಗೆ ಕಳೆದುಹೋಗಿದೆ ಎಂದಿದ್ದ. ರಾಮನಾಥ ಫೌಜದಾರರ ಮುಖ ನೋಡಿದ. ಅವರು ಆಗಲೇ ಸೋಮುನನ್ನೂ ಬಂದರದ ಒಬ್ಬ ಪೊಲೀಸನನ್ನೂ ಜೊತೆಗೆ ಕರೆದು, ಕಡವಾಡಕ್ಕೆ ಗಾಡಿ ಕರೆಯುತ್ತಿದ್ದರು.

* * *

ದತ್ತೋಬ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದ. ಮರ್ಯಾದೆಯಿಂದ ಎದ್ದು ಚಾಪೆ ಹಾಸಿಸಿದ.

"ಲಾರಿ ವಿಷಯ ನಂಗೆಂತ ಗೊತ್ತು ಫೌಜದಾರ್ರೆ? ಚಕ್ರ ಹಿಡಿಯೂಕೂ ಬರೂದಿಲ್ಲ. ಎಲ್ಲ ಈ ಸೋಮುನ ಕಾರಭಾರ."

ಹೇಳುತ್ತ ಎಲೆಯ ತಟ್ಟೆಯನ್ನು ಮುಂದೆ ಚಾಚಿದ. ರಾಮನಾಥ ಎಲೆ ತೆಗೆದುಕೊಳ್ಳಲಿಲ್ಲ. ದತ್ತೋಬನ ಬಲಗೈ ಮಣಿಕಟ್ಟನ್ನೇ ನೋಡಿದ. ಅದು ಮುರಿದು ಸೊಟ್ಟಗೆ ಕೂಡಿತ್ತು.

"ಕೈಗೆ ಏನಾಗಿತ್ತು?"

"ಬಚ್ಚಲಲ್ಲಿ ಜಾರಿ ಬಿದ್ದದ್ದು. ಹಳೇ ಮಾತು."

"ಆ ಹೋಳಿಗೇ," ಎಂದ ಸೋಮು ಹಿಂದಿನಿಂದ. "ನಾನು ಬರೂವಾಗ ಬಿದಿರು ಪಟ್ಟಿ ಕಟ್ಟಿತ್ತು."

ರಾಮನಾಥ ದನಿ ಏರಿಸದೆ ಮಾತಾಡಿದ.

"ಈ ಲಾರಿಯ ಎಂಜಿನ್ನು ಚಾಲೂ ಮಾಡಲು ಮುಂದಿನ ಹ್ಯಾಂಡಲು ತಿರುಗಿಸುವ ಮೊದಲು, ಒಳಗೆ ಸ್ಪಾರ್ಕಿನ ಕಡ್ಡಿ ಮೇಲಕ್ಕೆ ತಳ್ಳಬೇಕು. ಮರೆತರೆ ಹ್ಯಾಂಡಲು ಹಿಂದಕ್ಕೆ ಒದೆಯುತ್ತದೆ. ಮಣಿಕಟ್ಟು ಹೀಗೇ ಮುರಿಯುತ್ತದೆ. ಮುಂಬಯಿಯಲ್ಲಿ ಇಂಥ ಹತ್ತು ಕೈ ನೋಡಿದ್ದೇನೆ. ಡ್ರೈವರ ಊರಲ್ಲಿಲ್ಲದ ದಿನ ನೀವೇ ಲಾರಿ ತೆಗೆದಿರಿ. ಹಟ್ಟಿಕೇರಿಯಲ್ಲಿ ಸುಕ್ರನಿಗೆ ಹಾಯಿಸಿದಿರಿ. ದೀಪ ಒಡೆಯಿತು, ಎಂಜಿನ್ನು ನಿಂತಿತು. ಗಾಬರಿಯಲ್ಲಿ ಇಳಿದು ಹ್ಯಾಂಡಲು ತಿರುಗಿಸಿದಿರಿ, ಕಡ್ಡಿ ಮರೆತಿರಿ. ಎರಡು ವರ್ಷ ಕಳೆಯಿತು, ಇನ್ನು ಯಾರು ಕೇಳುತ್ತಾರೆ ಎಂದು ನನಗೆ ಮಾರಿದಿರಿ. ನಾನು ಬಣ್ಣ ಕೆರೆಯುತ್ತಿದ್ದೇನೆಂದು ಸೋಮು ಹೇಳಿದಾಗ ಹೆದರಿದಿರಿ. ಮಡ್ಗಾರ್ಡು ತಂದಿರಿ. ದೀಪದ ನೆನಪು ನಿಮಗಾಗಲಿಲ್ಲ."

"ಎಲ್ಲ ಕಲ್ಪನೆ," ಎಂದ ದತ್ತೋಬ. ಆದರೆ ಕಣ್ಣು ಹಿತ್ತಿಲಿನತ್ತ ಓಡಿತು.

ಶಾಂತಾರಾಮ ಆ ಕಣ್ಣನ್ನು ಹಿಂಬಾಲಿಸಿದರು. ತೆಂಗಿನ ಮರಗಳ ಬುಡವೆಲ್ಲ ಒಣಗಿ ಗಟ್ಟಿಯಾಗಿತ್ತು. ಒಂದೇ ಒಂದರ ಬುಡ ಸಡಿಲ ಮಣ್ಣು. ಪೊಲೀಸ ಅರ್ಧ ಮೊಳ ಅಗೆಯುವಷ್ಟರಲ್ಲಿ ಗುದ್ದಲಿ ಠಣ್ಣೆಂದಿತು. ಮಡ್ಗಾರ್ಡಿನ ಜೊತೆ ಪಾನಾ ಪೆಟ್ಟಿಗೆಯೂ ಬಂತು. ರಾಮನಾಥ ತಗಡಿನ ಮಡಚಿದ ಅಂಚನ್ನು ಇಕ್ಕಳದಿಂದ ಬಿಡಿಸಿದ. ಹಸಿರು ಬಣ್ಣದ ಅಡಿಯಲ್ಲಿ, ಸುತ್ತಿಗೆಯ ಹೊಡೆತಕ್ಕೆ ಸಿಕ್ಕಿ ಜಜ್ಜಿಹೋಗಿ, ಕಂಬಳಿಯ ನಾಲ್ಕಾರು ಕರಿ ಎಳೆಗಳಿದ್ದವು.

ದತ್ತೋಬ ಅಂಗಳದಲ್ಲೇ ಕೂತುಬಿಟ್ಟ.

"ಗೋವೆಯ ಒಬ್ಬ ಮಿಸ್ತ್ರಿಯ ಕರೆಸಿ ರಿಪೇರಿ ಮಾಡಿಸಿದೆ. ಅವ ಬಿಚ್ಚೂದನ್ನ ಪಕ್ಕದಲ್ಲೇ ಕೂತು ನೋಡಿದ್ದೆ. ಮೊನ್ನೆ ಹುಲ್ಲಿನ ಗಾಡಿಯಲ್ಲಿ ಹೋಗಿ ತಂದೆ..." ತಲೆ ತಗ್ಗಿಸಿ ಸೇರಿಸಿದ. "ಸುಕ್ರ ಆಗಲೇ ಸತ್ತಿದ್ದ. ಹೇಳಿ ಏನುಪಯೋಗ ಅನ್ನಿಸ್ತು."

"ತಮ್ಮ ಬದುಕಿದ್ದನಲ್ಲ," ಎಂದರು ಶಾಂತಾರಾಮ.

* * *

ಕಾಗದಪತ್ರ ನಿಧಾನವಾಗಿ ಸಾಗಿದವು. ಲಾರಿ ಕಾರವಾರದ ಕಚೇರಿ ಅಂಗಳದಲ್ಲಿ ಒಂದಿಡೀ ಮಳೆಗಾಲ ನೆನೆಯಿತು. ದತ್ತೋಬನಿಗೆ ಶಿಕ್ಷೆಯಾಯಿತು. ಪುಟ್ಟು ನಿರ್ದೋಷಿಯೆಂದು ಹೊರಬಂದ.

ಲಾರಿ ಬಿಡಿಸಿಕೊಳ್ಳಲು ಹೋದ ದಿನ ರಾಮನಾಥ ಅದರ ಸುತ್ತ ಒಂದು ಸಲ ನಡೆದು ಬಂದ. ಚಕ್ರಗಳು ಮಣ್ಣಿನಲ್ಲಿ ಹೂತಿದ್ದವು. ಬಾಗಿಲ ತುಂಬ ಹೊಸ ತುಕ್ಕು. ಎತ್ತಿನವರು ಇನ್ನೂ ಬಂದಿರಲಿಲ್ಲ. ಗೇಟಿನ ಬಳಿ ದೇವಿ ನಿಂತಿದ್ದಳು. ಪಕ್ಕದಲ್ಲಿ ಒಬ್ಬ ಬಡಕಲು ಮನುಷ್ಯ. ತಲೆ ಬೋಳಿಸಿ ಸ್ವಲ್ಪವೇ ಕೂದಲು ಬಂದಿತ್ತು.

ಪುಟ್ಟು ಹತ್ತಿರ ಬಂದ. ಎಡಗಡೆಯ ಮೂಲೆಯನ್ನು ಬಹಳ ಹೊತ್ತು ನೋಡಿದ. ಅಣ್ಣನನ್ನು ಕೊಂದ ಗಾಡಿ. ಇವನು ಇದಕ್ಕೆ ಕಲ್ಲು ಹೊಡೆದರೂ ತಾನು ತಡೆಯಬಾರದು ಎಂದುಕೊಂಡ ರಾಮನಾಥ.

"ಜಗಳ ಆದಲ್ಲಿಗೇ ನಿಂತೋಯ್ತು ಒಡ್ಯಾ," ಎಂದ ಪುಟ್ಟು. "ಮರುದಿನ ಅಣ್ಣನ ಹತ್ರ ಮಾತಾಡ್ವ ಹೇಳಿ ಮಲಗಿದ್ದೆ."



ಪುಟ್ಟು ಮುಖ ಒರೆಸಿಕೊಂಡ. ಬಗ್ಗಿ ಚಕ್ರದ ಸುತ್ತಲಿನ ಮಣ್ಣನ್ನು ಕೈಯಿಂದಲೇ ಬಗೆಯತೊಡಗಿದ. ದೇವಿಯೂ ಕೂತಳು. ನಾಲ್ಕೂ ಚಕ್ರ ಮಣ್ಣಿನಿಂದ ಬಿಡಿಸಿಕೊಂಡಾಗ ಅವನು ಹಿಂದೆ ಹೋಗಿ ಹಲಗೆಗೆ ಹೆಗಲು ಕೊಟ್ಟ.

"ನೀವು ಹತ್ತಿ ಕೂತು ಚಕ್ರ ಹಿಡೀರಿ. ನಾ ನೂಕ್ತೆ."