ಬಸು ತೋರಿಸಿದ ಗಣಿ

ಠಣ್!

ಹಾರೆ ಕಲ್ಲಿಗೆ ಬಡಿದು ಹಿಂದಕ್ಕೆ ಚಿಮ್ಮಿತು. ಬಸು ಅದನ್ನು ಅಲ್ಲೇ ಬಿಟ್ಟು ಎರಡೂ ಅಂಗೈ ಊದಿಕೊಂಡಳು. ಬಲಗೈಯಲ್ಲಿ ಆಗಲೇ ಬೊಬ್ಬೆ ಎದ್ದಿತ್ತು.

"ಅಜ್ಜೀ, ಇದು ಭೂಮಿ ಅಲ್ಲ, ಬಂಡೆಗಲ್ಲು!"

"ಮ್ಯಾಲ ಗಟ್ಟಿ ಅಷ್ಟ. ಕೆಳಗ ಮೆತ್ತಗ ಐತಿ," ಕಟ್ಟೆಯ ಮೇಲಿಂದ ಅಮರಮ್ಮಜ್ಜಿ ಕೂಗಿದಳು. "ಮ್ಯಾಲಿನ ಮಣ್ಣು ಒಂದ ಕಡಿ ಹಾಕು, ಕೆಳಗಿಂದು ಒಂದ ಕಡಿ. ಸಸಿಗೆ ಮ್ಯಾಲಿನ ಮಣ್ಣ ಬೇಕು. ಆರೂ ತಗ್ಗು ಆಗಲಿಲ್ಲಂದ್ರ ನಾಳೆ ಗದ್ವಾಲಕ್ಕ ಹೋಗೂ ಮಾತಿಲ್ಲ ನೋಡು."

ತಪ್ಪು ಬಸುವಿನದೇ. ಶಾಲೆಯಲ್ಲಿ ನಿಂಬೆ ಸಸಿ ಹಂಚಿದಾಗ ಎಲ್ಲರೂ ಒಂದೊಂದು ತೆಗೆದುಕೊಂಡರು. ಐದನೇ ಕ್ಲಾಸಿನ ಬಸವೇಶ್ವರಿ ಮಾತ್ರ, "ನಮ್ಮದು ದೊಡ್ಡ ಹೊಲ ಟೀಚರ್!" ಎಂದು ಜಂಬದಿಂದ ಆರು ತಂದಳು. ತಂದವರೇ ಗುಂಡಿ ತೋಡಬೇಕು ಅಂತ ಅಜ್ಜಿಯ ತೀರ್ಪಾಯಿತು. ಬದುವಿನ ಉದ್ದಕ್ಕೂ ಅಜ್ಜಿ ಒಲೆ ಬೂದಿಯಲ್ಲಿ ಆರು ಗುರುತು ಹಾಕಿ ಕೊಟ್ಟಿದ್ದಳು. ಆದದ್ದು ಒಂದು ಗುಂಡಿ. ಅದೂ ಅರ್ಧ.

ನಾಳೆ ಭಾನುವಾರ. ಗದ್ವಾಲದಲ್ಲಿ ಚಿಕ್ಕಮ್ಮನ ಮಗಳು ಝಾನ್ಸಿ ಕಾಯುತ್ತಿದ್ದಳು. ಜೂರಾಲ ಡ್ಯಾಮಿನ ಗೇಟು ತೆಗೆದಿದ್ದಾರೆ, ನೀರು ಆನೆಯ ಹಾಗೆ ಘೀಳಿಡುತ್ತದೆ ಅಂತ ಫೋನಿನಲ್ಲಿ ಹೇಳಿದ್ದಳು.

ಬಸು ಮೂಗೊರೆಸಿಕೊಂಡು ತಲೆ ಎತ್ತಿದಳು. ದೂರದಲ್ಲಿ ಮೂರು ಬೆನ್ನು ಕಂಡವು. ಬಗ್ಗಿಕೊಂಡೇ ನಡೆದು ಬರುವ ಮೂರು ಬೆನ್ನು.

ಗಣಿಯವರು!

ಮಳೆ ಬಿದ್ದು ಮಣ್ಣು ತೊಳೆದುಹೋದ ಮೇಲೆ ಪ್ರತಿವರ್ಷ ಅವರು ಬರುತ್ತಾರೆ. ಬಹಳ ಹಿಂದೆ, ನಿಜಾಮರಿಗಿಂತಲೂ ಹಿಂದೆ, ಈ ಕಡೆ ಎಲ್ಲೋ ಒಂದು ವಜ್ರದ ಗಣಿ ಇತ್ತಂತೆ. ದಂಡು ಬರುತ್ತದೆ ಅಂತ ಸುದ್ದಿ ಬಂದಾಗ ಅದರ ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮುಚ್ಚಿ, ಎಲ್ಲರೂ ಓಡಿಹೋದರಂತೆ. ತಿರುಗಿ ಬಂದವರಿಗೆ ಜಾಗವೇ ಸಿಗಲಿಲ್ಲವಂತೆ. ಗಣಿ ಇಂದಿಗೂ ಸಿಕ್ಕಿಲ್ಲ. ಹುಡುಕುವವರಿಗೇನೂ ಬರವಿಲ್ಲ.

ಮುಂದೆ ಬರುತ್ತಿದ್ದವರು ಗದ್ವಾಲದ ಭಾನುಪ್ರಕಾಶ ಸಾರ್. ಕಾಲೇಜಿನಲ್ಲಿ ಕಲ್ಲುಗಳ ಪಾಠ ಹೇಳಿ ರಿಟೈರ್ ಆದವರು, ಕಂಕುಳಲ್ಲಿ ಸದಾ ಒಂದು ಮ್ಯಾಪು. ಅವರ ಹಿಂದೆ ತಲೆಗೆ ಕೆಂಪು ಅಂಚಿನ ಟವೆಲು ಸುತ್ತಿದ ರಾಜೋಳಿಯ ಬುಗ್ಗಮ್ಮ. ಕೊನೆಯವನು ಮಕ್ತಲ್‌ನ ಕಲ್ಯಾಣ್, ಗಣಿಯವರ ವಾಟ್ಸಾಪ್ ಗ್ರೂಪಿನ ಅಡ್ಮಿನ್.

ಉಳಿದ ಹೊಲದವರು ಅವರನ್ನು ಕಂಡರೆ "ನಡೀರಿ, ನಡೀರಿ" ಅನ್ನುತ್ತಿದ್ದರು. ಅಮರಮ್ಮಜ್ಜಿ ಮಾತ್ರ ಒಂದು ತಂಬಿಗೆ ಮಜ್ಜಿಗೆ ತಂದು ಬದುವಿನ ಮೇಲೆ ಇಡುತ್ತಿದ್ದಳು. ಬಸುವಿಗೋ ಅವರನ್ನು ಕಂಡರೆ ನಗು. ಶಾಲೆಯಲ್ಲಿ ಸೊಂಟ ಬಗ್ಗಿಸಿ, ಕಣ್ಣು ಕಿರಿದು ಮಾಡಿ ಅವರ ಹಾಗೆ ನಡೆದು ತೋರಿಸಿದರೆ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು.

ಈಗ ನಗಲಿಲ್ಲ. ಅವರ ಕೈಯಲ್ಲಿದ್ದ ಗುದ್ದಲಿ, ಸಲಿಕೆಗಳನ್ನೇ ನೋಡಿದಳು. ಆಮೇಲೆ ತಲೆ ಮುಟ್ಟಿಕೊಂಡಳು. ನಾರಾಯಣಪೇಟೆಯಲ್ಲಿ ಕೊಂಡ ಹೇರ್‌ಕ್ಲಿಪ್ಪು. ಅದರ ತುಂಬ ಪಳಪಳ ಬಿಳಿ ಹರಳು.

ಉಗುರಿನಿಂದ ಮೀಟಿ ಐದು ಹರಳು ಕಿತ್ತಳು. ಐದು ಬೂದಿ ಗುರುತಿನ ಮೇಲೆ ಒಂದೊಂದನ್ನು ಇಟ್ಟು, ಬೂದಿಯನ್ನು ಕಾಲಿನಿಂದ ಕೆದರಿ, ಬೇವಿನ ಗಿಡದ ಕೆಳಗೆ ಏನೂ ಅರಿಯದವಳ ಹಾಗೆ ಕೂತಳು.

"ಅರೆ! ದೊರಿಕಿಂದಿ! ಸಿಕ್ತು ಸಾರ್!" ಕಲ್ಯಾಣ್ ಕುಣಿದ.

ಸಾರ್ ಹರಳನ್ನು ಬೆರಳಲ್ಲಿ ಹಿಡಿದು, ಅಜ್ಜಿ ಕನ್ನಡಕ ಒರೆಸುವ ಮುಂಚೆ ಮಾಡುವಂತೆ, "ಹಾ" ಎಂದು ಅದರ ಮೇಲೆ ಉಸಿರು ಬಿಟ್ಟರು. ಬುಗ್ಗಮ್ಮನ ಕೈಗೆ ಕೊಟ್ಟರು. ಅವಳೂ "ಹಾ" ಅಂದಳು. ಕಲ್ಯಾಣ್ ಕೂಡ "ಹಾ" ಅಂದ. ಧೂಳು ತೆಗೆಯುತ್ತಿದ್ದಾರೆ ಅಂದುಕೊಂಡಳು ಬಸು.

ಮೂವರೂ ಮುಖ ಮುಖ ನೋಡಿಕೊಂಡರು. ಬುಗ್ಗಮ್ಮ ಅರ್ಧ ಗುಂಡಿಯನ್ನು ನೋಡಿದಳು. ಹಾರೆಯನ್ನು, ಬದುವಿನ ಮೇಲಿದ್ದ ನಿಂಬೆ ಸಸಿಗಳನ್ನು ನೋಡಿದಳು. ಆಮೇಲೆ ಬಸುವಿನ ಹತ್ತಿರ ಬಂದಳು.

"ಕೈ ಯಾಕ ಮುಚ್ಚಿಟ್ಟೀದಿ? ತೋರ್ಸವ್ವ."

ಬಸು ಅಂಗೈ ಬಿಚ್ಚಿದಳು. ಬುಗ್ಗಮ್ಮ ಟವೆಲಿನ ಅಂಚು ಹರಿದು ಬೊಬ್ಬೆಯ ಮೇಲೆ ಮೆತ್ತಗೆ ಕಟ್ಟಿದಳು.

ಸಾರ್ ಮ್ಯಾಪು ಬಿಚ್ಚಿ, ಗಂಟಲು ಸರಿಮಾಡಿಕೊಂಡರು. "ಬಸವೇಶ್ವರಿ ಅವರ, ಗಣಿ ನಿಮ್ಮ ಬದುವಿನ ಮ್ಯಾಲ ಐತಿ ಅನ್ನಿಸ್ತೈತಿ. ಅಗಿಯಾಕ ಪರ್ಮಿಷನ್ ಕೊಡ್ತೀರೇನ್ರಿ?"

"ಫುಲ್ ಪರ್ಮಿಷನ್ ರೀ ಸಾರ್!"

ಗುದ್ದಲಿಗಳು ಎದ್ದವು. ಬಸು ನೆರಳಲ್ಲಿ ಕಾಲು ಚಾಚಿದಳು.

"ಎಷ್ಟು ಆಳ ಸಾರ್?" ಕಲ್ಯಾಣ್ ಕೇಳಿದ.

"ಮೊಣಕಾಲುದ್ದ ಸಾಕೋ."

ಬಸುವಿಗೆ ನಗು ತಡೆಯಲಾಗಲಿಲ್ಲ. ವಜ್ರದ ಗಣಿ ಹುಡುಕುವವರಿಗೆ ಮೊಣಕಾಲುದ್ದ ಸಾಕಂತೆ! ಇಷ್ಟು ಪೆದ್ದರಾಗಿದ್ದರೆ ಗಣಿ ಹೇಗೆ ಸಿಕ್ಕೀತು?

"ಏನ್ ಮೇಡಂ, ಮುಂದಿನ ವಜ್ರ ಎಲ್ಲಿ ಇರಬೌದು?" ಕಲ್ಯಾಣ್ ಬೆವರು ಒರೆಸಿಕೊಂಡ.

"ನನಗೇನ್ ಗೊತ್ತಣ್ಣ? ಆ ಕಡಿ ನೋಡು. ಇನ್ನೊಂಚೂರು ಮುಂದಕ್ಕ... ಅಯ್ಯ, ತುಳಿದಿ! ಕಾಲಡಿ ನೋಡು!"

"ಅಬ್ಬಬ್ಬಾ, ಏನ್ ಕಣ್ಣು! ಗಿಡದ ಬುಡಕ್ಕ ಕುಂತು ಕಾಣಿಸ್ತದ! ನಮ್ಮ ಗ್ರೂಪಿಗೆ ಸೇರಿಸ್ಕೊಳ್ರಿ ಸಾರ್ ಇವಳನ್ನ."

ಬಿಸಿಲು ಏರಿತು. ಸಾರ್ ಅವರ ಅಂಗಿ ಬೆನ್ನಿಗೆ ಅಂಟಿತು. ಬುಗ್ಗಮ್ಮ ಸೊಂಟದ ಮೇಲೆ ಕೈ ಇಟ್ಟು "ಶಿವನೇ" ಎಂದು ನೆಟ್ಟಗಾದಳು. ಬಸು ಚಾಚಿದ ಕಾಲು ಮಡಚಿಕೊಂಡಳು.

"ಸಾರ್... ಅದು ವಜ್ರ ಅಲ್ದಿದ್ರ?"

"ಅಲ್ದಿದ್ರ ಅಲ್ಲ. ನಿಮ್ಮಪ್ಪ ಹುಟ್ಟೂ ಮೊದಲಿಂದ ಹುಡುಕಾಕತ್ತೀನಿ. ನನಗ ಸಿಕ್ಕಿದ್ದೆಲ್ಲಾ ವಜ್ರ ಅಲ್ದೇ ಇದ್ದದ್ದ!" ಸಾರ್ ಗಟ್ಟಿಯಾಗಿ ನಕ್ಕು ಮತ್ತೆ ಬಗ್ಗಿದರು.

ಐದು ಗುಂಡಿಗಳು ಮುಗಿದವು. ಅಜ್ಜಿ ಮಜ್ಜಿಗೆ ತಂದಳು. ಬುಗ್ಗಮ್ಮ ಅಜ್ಜಿಯ ಕಿವಿಯಲ್ಲಿ ಏನೋ ಅಂದಳು, ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಾರ್ ಅರ್ಧ ಗುಂಡಿಯ ಹತ್ತಿರ ಕೂತು ಚಪ್ಪಲಿಯ ಮಣ್ಣು ಕೊಡವುತ್ತಿದ್ದರು. ಎಷ್ಟು ಕೊಡವಿದರೂ ಅದು ಮುಗಿಯಲೇ ಇಲ್ಲ.

"ಇದು ನೀನ ಶುರು ಹಚ್ಚಿದ ಗಣಿ," ಎಂದರು ಸಾರ್, ಏಳುತ್ತಾ. "ನೀನ ಮುಗಿಸಬೇಕು. ಕೈ ಜ್ವಾಕಿ."

ದೂರದಲ್ಲಿ ಮಕ್ತಲ್ ಬಸ್ಸಿನ ಹಾರ್ನು ಕೇಳಿಸಿತು. ಮೂವರೂ ಸಾಮಾನು ಎತ್ತಿಕೊಂಡರು. ಬಸು ರಸ್ತೆಯವರೆಗೂ ಬುಗ್ಗಮ್ಮನ ಪಕ್ಕದಲ್ಲೇ ಹೋದಳು.

"ಅತ್ತಿ, ಖರೇ ವಜ್ರ ಅಂತ ಹೆಂಗ ಗೊತ್ತಾಗ್ತದ?"

"ಅದೇನ್ ದೊಡ್ಡದಲ್ಲವ್ವ. ಬಾಯಿಂದ ಬಿಸಿ ಉಸಿರು ಬಿಡಬೇಕು. ಗಾಜಾದ್ರ ಮಂಜು ಹಿಡದು ಹಂಗ ಕುಂದರತದ. ವಜ್ರ ಆದ್ರ ಮಂಜು ನಿಲ್ಲೂದಿಲ್ಲ, ಹಿಂಗ ಹೋಗಿಬಿಡ್ತದ." ಬುಗ್ಗಮ್ಮ ಚಿಟಿಕೆ ಹೊಡೆದಳು. "ಗಣಿ ಹುಡುಕೋರು ಮೊದಲು ಕಲಿಯೂದ ಅದು."

ಬಸ್ಸು ಬಂತು. ಕಲ್ಯಾಣ್ ಕಿಟಕಿಯಿಂದ ಕೈ ಬೀಸಿದ. "ಬರ್ತೀವಿ ಮೇಡಂ!"

ಬಸು ತಿರುಗಿ ಬಂದು ಹಾರೆ ಎತ್ತಿಕೊಂಡಳು. ಈ ಸಲ ಠಣ್ ಅನ್ನಲಿಲ್ಲ. ಅಜ್ಜಿ ಹೇಳಿದ್ದು ನಿಜ, ಕೆಳಗೆ ಮಣ್ಣು ಮೆತ್ತಗಿತ್ತು. ನಾಲ್ಕು ಏಟು ಹಾಕುವಷ್ಟರಲ್ಲಿ ಏನೋ ಕೆಂಪಗೆ ಕಂಡಿತು.

ಟವೆಲಿನ ಚೂರು. ಬುಗ್ಗಮ್ಮ ಅವಳ ಕೈಗೆ ಕಟ್ಟಿದ್ದಳಲ್ಲ, ಅದೇ ಕೆಂಪು ಅಂಚು.

ಗಂಟು ಬಿಚ್ಚಿದಳು. ಒಳಗೆ ಐದು ಹರಳು, ಜೊತೆಗೆ ಒಂದು ಪೆಪ್ಪರಮೆಂಟು.

ಬಸು ಒಂದು ಹರಳನ್ನು ಬೆರಳಲ್ಲಿ ಹಿಡಿದು "ಹಾ" ಅಂದಳು. ಹರಳು ಮಂಜಾಯಿತು. ಮಂಜು ಹೋಗಲಿಲ್ಲ. ಅಲ್ಲೇ ಕೂತಿತ್ತು.

ಬೆಳಿಗ್ಗೆ ಸಾರ್ "ಹಾ" ಅಂದಿದ್ದರು. ಬುಗ್ಗಮ್ಮ ಅಂದಿದ್ದಳು. ಕಲ್ಯಾಣಣ್ಣನೂ. ಒಂದು ಗುಂಡಿಯನ್ನೂ ತೋಡುವ ಮೊದಲೇ.

ಅವಳು ಮೆಲ್ಲಗೆ ತಿರುಗಿ ಐದು ಗುಂಡಿಗಳನ್ನು ನೋಡಿದಳು. ಪ್ರತಿ ಗುಂಡಿಯ ಪಕ್ಕದಲ್ಲೂ ಎರಡೆರಡು ಗುಪ್ಪೆ ಇದ್ದವು. ಮೇಲಿನ ಕಪ್ಪು ಮಣ್ಣು ಒಂದು ಕಡೆ, ಕೆಳಗಿನ ಕೆಂಪು ಮಣ್ಣು ಒಂದು ಕಡೆ.

ಅವಳ ಗುಂಡಿಯ ಪಕ್ಕದಲ್ಲಿ ಮಾತ್ರ ಒಂದೇ ಗುಪ್ಪೆ, ಎಲ್ಲ ಕಲಸುಮೇಲೋಗರ.

"ಏನರ ಸಿಕ್ತೇನಬೇ?" ಕಟ್ಟೆಯಿಂದ ಅಜ್ಜಿ ಕೇಳಿದಳು. ದನಿಯಲ್ಲಿ ನಗು ಇತ್ತು.

ಬಸು ಪೆಪ್ಪರಮೆಂಟನ್ನು ದವಡೆಗೆ ಸರಿಸಿದಳು.

"ಹೂಂ ಅಜ್ಜಿ. ಗಾಜು!"

ಹಾರೆ ಬದಿಗಿಟ್ಟು ಮೊಣಕಾಲೂರಿ ಕೂತಳು. ಎಡಗೈಯಿಂದ ಕಪ್ಪು ಮಣ್ಣನ್ನು ಹೆಕ್ಕಿ ಹೆಕ್ಕಿ ಬೇರೆ ಗುಪ್ಪೆ ಮಾಡತೊಡಗಿದಳು.